ಮರದ ಬುಡದ ಅಣಬೆ, ಡಬ್ಬಿಯೊಳಗಿನ ಅಣಬೆ

ಹಿರಿಯೂರಿನಲ್ಲಿ ಹೋಟೆಲ್ ಇಟ್ಟುಕೊಂಡಿರುವ ನಮ್ಮ ಸಂಬಂಧಿಕರೊಬ್ಬರ ಮನೆಗೆ ಹೋದ ಮಳೆಗಾಲದಲ್ಲಿ ಹೋಗಿದ್ದೆ. ಹೆಸರು ಬೇಡ, ಕಾಕ ಅಂತಲೇ ಕರೆಯೋಣ. ಬಂಟ್ವಾಳದ ಕಡೆಯಿಂದ ಘಟ್ಟ ಹತ್ತಿ ಬಂದು ಮೂವತ್ತು ವರ್ಷ ದಾಟಿದೆ. ಹೈವೇ ಪಕ್ಕದ ವ್ಯಾಪಾರ, ಹೊತ್ತಲ್ಲದ ಹೊತ್ತಿನ ಊಟ, ಜೊತೆಗೆ ಹತ್ತು ವರ್ಷದಿಂದ ಶುಗರ್. ರಾತ್ರಿ ಪತ್ತಿರಿ, ಕೋಳಿ ಗಸಿ ಆಯಿತು. ಕೈ ತೊಳೆದು ಬಂದ ಕಾಕ ಕಪಾಟಿನಿಂದ ಚೆಂದದ ಡಬ್ಬಿಯೊಂದನ್ನು ತೆಗೆದು ಎರಡು ಕ್ಯಾಪ್ಸೂಲ್ ನುಂಗಿದರು.

"ಇದು ಕೆಂಪು ಅಣಬೆದು. ಬರೀ ಶುಗರಿಗಲ್ಲ, ಎಲ್ಲದಕ್ಕೂ ಆಗ್ತದೆ. ಡಾಕ್ಟರ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು."

ಒಳಗಿನಿಂದ ಮಾಮಿ ಏನೋ ಗೊಣಗಿದ್ದು ಕೇಳಿಸಿತು. ಮಾತ್ರೆ ಬಿಟ್ಟದ್ದು ಅವರಿಗೆ ಇಷ್ಟವಿರಲಿಲ್ಲ. ಡಬ್ಬಿ ಕೊಟ್ಟವರು ಪರಿಚಯದವರೇ. ಮೊದಲು ಗಿರಾಕಿಯಾಗಿದ್ದವರು, ಈಗ ಅವರೇ ಡಿಸ್ಟ್ರಿಬ್ಯೂಟರ್. ಕಾಕ ಕೂಡ ಇನ್ನು ಮೂರು ಜನರನ್ನು ಸೇರಿಸಿದರೆ ಡಬ್ಬಿ ಅಗ್ಗಕ್ಕೆ ಸಿಗುತ್ತದಂತೆ.

ಮರುದಿನ ಬೆಳಿಗ್ಗೆ ಕಾಕನ ಜೊತೆ ಹೊಸದುರ್ಗದ ಕಡೆಯ ಒಂದು ತೆಂಗಿನ ತೋಟಕ್ಕೆ ಹೋದೆವು. ಹೋಟೆಲಿಗೆ ಕಾಯಿ ಬರುವುದು ಅಲ್ಲಿಂದಲೇ. ತೋಟದ ಯಜಮಾನರು ಒಂದು ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದರು. ಮೂರು ಮರದ ಸುಳಿ ಒಣಗಿದೆ, ಗರಿಗಳು ಕಾಂಡಕ್ಕೆ ಜೋತು ಬಿದ್ದಿವೆ. ಬುಡದಲ್ಲಿ ಕೆಂಪು ಮಿಶ್ರಿತ ಕಂದು ರಸ ಸೋರಿ ಕರೆಗಟ್ಟಿದೆ. ಒಂದು ಮರದ ಬುಡದಲ್ಲಿ ಅಂಗೈ ಅಗಲದ, ಬೀಸಣಿಗೆ ಆಕಾರದ, ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣದ ಗಟ್ಟಿ ಅಣಬೆ.

"ಅಣಬೆ ರೋಗ ಸಾರ್. ಬುಡದಲ್ಲಿ ಇದು ಕಾಣಿಸ್ತು ಅಂದ್ರೆ ಮರದ ಕಥೆ ಮುಗೀತು ಅಂತ."

ಕಾಕ ಬಗ್ಗಿ ಅದನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಡಬ್ಬಿಯ ಮೇಲೆ ಅಚ್ಚು ಹಾಕಿದ್ದ ಚಿತ್ರವೂ ಇದೇ ಆಕಾರದ್ದು.

ಈ ಲೇಖನ ಬರೆಯಲು ಕಾರಣ ಆ ನೋಟ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮವರ ಮನೆಗಳಲ್ಲಿ ಈಗ ಇಂಥ ಡಬ್ಬಿಗಳು ಕಾಣಿಸಿಕೊಳ್ಳುತ್ತಿವೆ. ಗಲ್ಫಿನಿಂದ ಬರುವ ಮಕ್ಕಳು ಅಣಬೆ ಕಾಫಿಯ ಪ್ಯಾಕೆಟ್ ತರುತ್ತಾರೆ. ಮೊಬೈಲಿನಲ್ಲಿ ಅಣಬೆಯ ಮಹಿಮೆಯ ವಿಡಿಯೋಗಳು ಬರುತ್ತವೆ, ಕೆಲವದರಲ್ಲಿ ಹದೀಸನ್ನೂ ಸೇರಿಸಿರುತ್ತಾರೆ. ಇದರಲ್ಲಿ ನಿಜ ಎಷ್ಟು, ವ್ಯಾಪಾರ ಎಷ್ಟು?

ಒಂದೇ ಕುಲ, ಎರಡು ಮುಖ

ತೋಟದ ಬುಡದಲ್ಲಿ ಕಂಡದ್ದರ ಹೆಸರು ಗ್ಯಾನೊಡರ್ಮಾ. ಚೀನಾದವರು ಲಿಂಗ್‌ಝಿ ಎಂದೂ ಜಪಾನಿನವರು ರೇಶಿ ಎಂದೂ ಕರೆದು ಎರಡು ಸಾವಿರ ವರ್ಷಗಳಿಂದ ಔಷಧಿಯಾಗಿ ಬಳಸುತ್ತಿರುವುದು ಇದೇ ಕುಲದ ಅಣಬೆಯನ್ನು. ಅಡಿಕೆ ಮತ್ತು ತೆಂಗಿನ ಬೆಳೆಗಾರನಿಗೆ ಮಾತ್ರ ಅದು ಔಷಧಿಯಲ್ಲ, ಕಾಯಿಲೆ. ತೆಂಗಿನಲ್ಲಿ ಈ ರೋಗ 1952ರಲ್ಲಿ ತಮಿಳುನಾಡಿನ ತಂಜಾವೂರಿನಲ್ಲಿ ಮೊದಲು ಗಮನಕ್ಕೆ ಬಂತು. ಆದ್ದರಿಂದ ಇಂದಿಗೂ ಅದನ್ನು ತಂಜಾವೂರು ಸೊರಗು ರೋಗ ಎನ್ನುವುದುಂಟು. ಕರ್ನಾಟಕದಲ್ಲಿ ತುಮಕೂರು, ಹಾಸನ, ಚಿತ್ರದುರ್ಗದಂಥ ಒಣ ಸೀಮೆಯ ತೋಟಗಳನ್ನು ಇದು ಹೆಚ್ಚು ಕಾಡುತ್ತದೆ. ನೀರು ಕಡಿಮೆಯಾದ ಮರಕ್ಕೆ ಬೇಗ ತಗಲುತ್ತದೆ. ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಹಿರಿಯೂರೆಲ್ಲ ಹಬ್ಬ ಮಾಡಿತು. ಅಷ್ಟು ತುಂಬಿದ್ದು 1933ರ ನಂತರ ಅದೇ ಮೊದಲು. ಅದಕ್ಕೂ ಹಿಂದಿನ ಬರದ ವರ್ಷಗಳಲ್ಲಿ ಬಾಡಿದ ತೋಟಗಳ ನೆನಪು ಇಲ್ಲಿನ ರೈತರಿಗೆ ಇನ್ನೂ ಹಸಿ.

ಬೆಳೆಗಾರರು ತಿಳಿದಿರಬೇಕಾದ ಮಾತೊಂದಿದೆ. ಬುಡದಲ್ಲಿ ಅಣಬೆ ಕಾಣಿಸುವ ಹೊತ್ತಿಗೆ ಶಿಲೀಂಧ್ರ ಬೇರನ್ನೂ ಕಾಂಡದ ಒಳಭಾಗವನ್ನೂ ತಿಂದು ಮುಗಿಸುತ್ತಾ ಬಂದಿರುತ್ತದೆ. ರಸ ಸೋರಲು ಶುರುವಾದಾಗಲೇ ಎಚ್ಚೆತ್ತುಕೊಳ್ಳಬೇಕು. ಸತ್ತ ಮರವನ್ನು ಬೇರು ಸಮೇತ ತೆಗೆದು ಸುಡುವುದು, ರೋಗ ಬಂದ ಮರದ ಸುತ್ತ ಕಂದಕ ತೋಡಿ ಪಕ್ಕದ ಮರದ ಬೇರಿಗೆ ತಾಗದಂತೆ ಮಾಡುವುದು, ರೋಗದ ಮರದಿಂದ ಒಳ್ಳೆಯ ಮರಕ್ಕೆ ನೀರು ಹರಿಸದಿರುವುದು, ಮರಕ್ಕೆ ವರ್ಷಕ್ಕೆ 5 ಕಿಲೋದಷ್ಟು ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಬೆರೆಸಿ ಕೊಡುವುದು ಇದಕ್ಕೆ ಹೇಳುವ ಉಪಾಯಗಳು. ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಅಲ್ಲೇ ಇದೆ. ಹೊಳಲ್ಕೆರೆಯ, ಭೀಮಸಮುದ್ರದ ಅಡಿಕೆ ತೋಟದವರಿಗೂ ಇದೇ ಮಾತು. ಅಡಿಕೆಯಲ್ಲೂ ಇದಕ್ಕೆ ಅಣಬೆ ರೋಗ ಅಂತಲೇ ಹೆಸರು.

ಆ ದಿನ ತೋಟದಲ್ಲಿ ಒಬ್ಬ ಹುಡುಗ ತಮಾಷೆಗೆ ಹೇಳಿದ್ದು ನೆನಪಾಗುತ್ತದೆ. "ಡಬ್ಬಿಗೆ ಸಾವಿರಗಟ್ಟಲೆ ಕೊಡೋದ್ಯಾಕೆ ಕಾಕ, ಇದನ್ನೇ ಕುದಿಸಿ ಕುಡೀರಿ." ತಮಾಷೆಯೇ ಆದರೂ ಹೀಗೆ ಮಾಡುವವರು ಇದ್ದಾರು, ಅದಕ್ಕೇ ಹೇಳಬೇಕು. ಗ್ಯಾನೊಡರ್ಮಾ ಎಂಬುದು ಒಂದು ಅಣಬೆಯಲ್ಲ, ದೊಡ್ಡ ಕುಲ. ನಮ್ಮ ತೆಂಗು, ಅಡಿಕೆಯ ಬುಡದ್ದು ಮತ್ತು ಚೀನಾದಲ್ಲಿ ಔಷಧಿಗಾಗಿ ಬೆಳೆಸುವುದು ಒಂದೇ ಎಂದು ತಿಳಿಯಬಾರದು. ಹೆಸರಿನ ಗೊಂದಲ ಎಷ್ಟಿತ್ತೆಂದರೆ, ಚೀನಾದ ಲಿಂಗ್‌ಝಿ ಯೂರೋಪಿನ ಗ್ಯಾನೊಡರ್ಮಾ ಲ್ಯೂಸಿಡಂಗಿಂತ ಬೇರೆ ಜಾತಿ ಎಂದು ಗುರುತಿಸಿ ವಿಜ್ಞಾನಿಗಳು ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಝಿ ಎಂಬ ಹೊಸ ಹೆಸರಿಟ್ಟದ್ದೇ 2012ರಲ್ಲಿ. ಇನ್ನೊಂದು ವಿಷಯ, ಅಣಬೆ ತಾನು ಬೆಳೆದ ಜಾಗದಲ್ಲಿರುವ ಭಾರ ಲೋಹಗಳನ್ನು ಹೀರಿಕೊಂಡು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ತೋಟಕ್ಕೆ ಹೊಡೆದ ಔಷಧಿಯ ಅಂಶವೂ ಅದರಲ್ಲಿ ಇರಬಹುದು. ಇಂಗಳದಾಳಿನಲ್ಲಿ ತಾಮ್ರ ತೆಗೆದ, ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರು ಅಗೆದ ಜಿಲ್ಲೆ ಇದು. ಸಿಕ್ಕಿದ ಅಣಬೆ ಕಿತ್ತು ಕುದಿಸುವ ಸಾಹಸ ಬೇಡ.

ಹದೀಸಿನಲ್ಲಿ ಬಂದದ್ದು ಯಾವುದು?

ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಅಣಬೆಯ ಬಗ್ಗೆ ಪ್ರವಾದಿಯವರು(ಸ) ಹೇಳಿದ್ದಾರೆ, ಆದ್ದರಿಂದ ಈ ಕ್ಯಾಪ್ಸೂಲ್ ತೆಗೆದುಕೊಳ್ಳಿ ಎಂಬ ಮಾತು ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹದೀಸ್ ಇರುವುದು ನಿಜ. ಸಈದ್ ಬಿನ್ ಝೈದ್(ರ) ವರದಿ ಮಾಡಿದ್ದು, ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇದೆ. ಕಮ್ಅ ಎಂಬುದು 'ಮನ್ನ್'ನ ಬಗೆಗೆ ಸೇರಿದ್ದು, ಅದರ ನೀರಿನಲ್ಲಿ ಕಣ್ಣಿಗೆ ಶಿಫಾ ಇದೆ ಎಂಬುದು ಅದರ ತಾತ್ಪರ್ಯ. ಬನೂ ಇಸ್ರಾಈಲರಿಗೆ ಉಳುವ ಬಿತ್ತುವ ಕಷ್ಟವಿಲ್ಲದೆ ಸಿಕ್ಕಿದ ಆಹಾರ ಮನ್ನ್. ಕಮ್ಅ ಕೂಡ ಯಾರೂ ಬಿತ್ತದೆ ಮರುಭೂಮಿಯಲ್ಲಿ ಸಿಗುತ್ತದೆ.

ಆದರೆ ಕಮ್ಅ ಅಂದರೆ ನಮ್ಮ ಕೊಡೆಯಾಕಾರದ ಅಣಬೆಯಲ್ಲ. ಅದು ಮರಳಿನ ಕೆಳಗೆ, ಒಂದು ಜಾತಿಯ ಮರುಭೂಮಿ ಗಿಡದ ಬೇರಿನ ಸಹವಾಸದಲ್ಲಿ ಗೆಡ್ಡೆಯ ಹಾಗೆ ಬೆಳೆಯುವ ಶಿಲೀಂಧ್ರ. ಕುವೈತ್, ಸೌದಿಯಲ್ಲಿ ದುಡಿದು ಬಂದವರನ್ನು ಕೇಳಿ. ಚಳಿಗಾಲದ ಮಳೆಯ ನಂತರ ಅಲ್ಲಿನ ಮಾರುಕಟ್ಟೆಗೆ ಫಗಾ ಅಂತ ಬರುತ್ತದಲ್ಲ, ಆಲೂಗಡ್ಡೆಯಂತೆ ಕಾಣುವುದು, ಅದೇ. ಅರಬರು ಇದನ್ನು ಗುಡುಗಿನ ಮಗಳು ಎನ್ನುತ್ತಾರೆ. ನಮ್ಮೂರಲ್ಲೂ ಗುಡುಗು ಹೊಡೆದ ಮರುದಿನ ಅಣಬೆ ಏಳುತ್ತದೆ ಎನ್ನುವ ನಂಬಿಕೆ ಉಂಟಲ್ಲ! ಈ ಕಮ್ಅಕ್ಕೂ ಚೀನಾದಲ್ಲಿ ಮರದ ಮೇಲೆ ಬೆಳೆಯುವ ಕೆಂಪು ಅಣಬೆಗೂ ಸಂಬಂಧ ಕಟ್ಟುವುದು ವ್ಯಾಪಾರಿಯ ಜಾಣತನ.

ಇನ್ನೂ ಒಂದು ಮಾತು. ಹಿಜರಿ 751ರಲ್ಲಿ ವಫಾತಾದ ಇಬ್ನುಲ್ ಖಯ್ಯಿಮ್ ಅವರು 'ಝಾದುಲ್ ಮಆದ್'ನಲ್ಲಿ ಈ ಹದೀಸನ್ನು ವಿವರಿಸುವಾಗ ಒಂದೇ ಅಭಿಪ್ರಾಯ ಹೇಳಿ ನಿಲ್ಲಿಸಿಲ್ಲ. ಆ ನೀರನ್ನು ಕಣ್ಣಿನ ಬೇರೆ ಔಷಧಿಗೆ ಬೆರೆಸಿ ಬಳಸಬೇಕೆಂಬವರು, ಕಮ್ಅವನ್ನು ಬಿಸಿ ಮಾಡಿ ಹಿಂಡಿದ ನೀರೆಂದವರು, ಹೀಗೆ ಉಲಮಾಗಳ ಬೇರೆ ಬೇರೆ ಅಭಿಪ್ರಾಯಗಳನ್ನು ಮುಂದಿಟ್ಟಿದ್ದಾರೆ. ಏಳು ನೂರು ವರ್ಷದ ಹಿಂದಿನ ಉಲಮಾಗಳಿಗೆ ಇದ್ದ ಈ ಎಚ್ಚರ ನಮ್ಮ ಮೊಬೈಲಿನ ವಿಡಿಯೋ ಮಾಡುವವರಿಗೆ ಇಲ್ಲ. ಹದೀಸ್ ಕೇಳಿ ಯಾವುದೋ ಅಣಬೆಯ ರಸವನ್ನು ಯಾರೂ ಕಣ್ಣಿಗೆ ಬಿಟ್ಟುಕೊಳ್ಳಬಾರದು. ಕಣ್ಣು ಹೋದರೆ ಹೋಯಿತು.

ಹಕೀಮರ ಗಾರೀಕೂನ್, ಹಲಸಿನ ಮರದ ಮದ್ದು

ಹಾಗಾದರೆ ಅಣಬೆಯ ಮದ್ದು ನಮ್ಮಲ್ಲಿ ಇರಲೇ ಇಲ್ಲವಾ? ಇತ್ತು. ಯುನಾನಿಯಲ್ಲಿ ಗಾರೀಕೂನ್ ಎಂಬ ಪ್ರಸಿದ್ಧ ಮದ್ದಿದೆ. ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಒಂದನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದ್ದ. ಅಲ್ಲಿಂದ ಅರಬರಿಗೆ ಬಂದು, ಇಬ್ನು ಸೀನಾರ 'ಅಲ್ ಖಾನೂನ್'ನಲ್ಲಿ ಜಾಗ ಪಡೆಯಿತು. ತಣ್ಣನೆಯ ಸೀಮೆಯ ಲಾರ್ಚ್ ಎಂಬ ಮರದ ಮೇಲೆ ಬೆಳೆಯುವ, ನಾಲಗೆಗೆ ಕಹಿಯಾದ ಬಿಳಿ ಅಣಬೆ ಅದು. ಮೈಯಲ್ಲಿ ಸೇರಿದ ಬಲ್ಗಮ್ ಅಂದರೆ ಕಫವನ್ನು ಭೇದಿಯ ಮೂಲಕ ಹೊರಹಾಕಲು ಹಕೀಮರು ಕೊಡುತ್ತಿದ್ದರು. ಇಂಗ್ಲಿಷ್ ವೈದ್ಯರು ಕೂಡ ಒಂದು ಕಾಲದಲ್ಲಿ ಕ್ಷಯ ರೋಗಿಗಳ ರಾತ್ರಿ ಬೆವರಿಗೆ ಇದರ ಸತ್ವವನ್ನು ಕೊಟ್ಟದ್ದುಂಟು. ಗಮನಿಸಬೇಕಾದ್ದು ಏನೆಂದರೆ, ಹಕೀಮರು ಇದನ್ನು ದಿನಾ ನುಂಗುವ ಟಾನಿಕ್ ಅಂತ ಕೊಟ್ಟದ್ದಲ್ಲ. ರೋಗಿಯ ಮಿಜಾಜ್ ನೋಡಿ, ಬೇರೆ ಮದ್ದುಗಳ ಜೊತೆಗೆ, ಲೆಕ್ಕ ಮಾಡಿ, ಕೆಲವು ದಿನಕ್ಕೆ ಮಾತ್ರ. ಇಂದು ಯುನಾನಿ ಬೇಕೆನಿಸಿದರೆ ಕಲಿತ ವೈದ್ಯರ ಬಳಿ ಹೋಗಬಹುದು. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಮತ್ತು ಅದರ ಆಸ್ಪತ್ರೆಯೇ ಇದೆ. ಡಿಸ್ಟ್ರಿಬ್ಯೂಟರ್ ಹಕೀಮನಲ್ಲ.

ಆಯುರ್ವೇದದ ಸುಶ್ರುತ ಸಂಹಿತೆಯೂ ಹುಲ್ಲಿನ ಮೇಲೆ, ಕಬ್ಬಿನ ಸಿಪ್ಪೆಯ ಮೇಲೆ, ಸಗಣಿಯಲ್ಲಿ, ಬಿದಿರಿನಲ್ಲಿ, ನೆಲದಲ್ಲಿ ಏಳುವ ಅಣಬೆಗಳನ್ನು ಬೇರೆ ಬೇರೆ ಮಾಡಿ ಹೇಳಿದೆ. ಆದರೆ ಅಲ್ಲಿ ಅವು ಸೊಪ್ಪು ತರಕಾರಿಗಳ ಸಾಲಿನಲ್ಲಿ ಬರುತ್ತವೆ.

ಪಶ್ಚಿಮ ಘಟ್ಟದ ಆಚೀಚೆ ಇನ್ನೊಂದು ರೂಢಿ ಇದೆ. ಹಳೆಯ ಹಲಸಿನ ಮರದ ಕಾಂಡದಲ್ಲಿ ಕುದುರೆ ಗೊರಸಿನ ಹಾಗೆ ಗಟ್ಟಿಯಾಗಿ ಅಂಟಿಕೊಂಡಿರುವ ಕಪ್ಪು ಕಂದು ಅಣಬೆಯನ್ನು ನೀವು ಊರಲ್ಲಿ ನೋಡಿರಬಹುದು. ವಿಜ್ಞಾನಿಗಳು ಅದನ್ನು ಫೆಲ್ಲಿನಸ್ ಎನ್ನುತ್ತಾರೆ. ಮಹಾರಾಷ್ಟ್ರ, ಕೊಂಕಣದ ನಾಟಿ ವೈದ್ಯರು ಫಣಸೋಂಬಾ ಎಂದು ಕರೆದು, ಕಲ್ಲಿನಲ್ಲಿ ತೇಯ್ದು ಬಾಯಿಹುಣ್ಣಿಗೆ, ಮಕ್ಕಳ ಜೊಲ್ಲು ಮತ್ತು ಭೇದಿಗೆ ಕೊಡುತ್ತಾ ಬಂದಿದ್ದಾರೆ. ಕೇರಳದ ತ್ರಿಶ್ಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಹಲಸಿನ ಮರದ ಈ ಅಣಬೆಯ ಸತ್ವವನ್ನು ಪ್ರಯೋಗಾಲಯದಲ್ಲಿ, ಇಲಿಗಳ ಮೇಲೆ ಪರೀಕ್ಷಿಸಿ ಹಲವು ವರ್ಷ ಕೆಲಸ ಮಾಡಿದ್ದಾರೆ. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ಬಹಳ ಉದ್ದ.

ತುಳುವಿನಲ್ಲಿ ಲಾಂಬು ಅನ್ನುವ ಮಳೆಗಾಲದ ಅಣಬೆಗಳ ವಿಷಯ ಬೇರೆ. ಅದು ನಮಗೆ ಮದ್ದಲ್ಲ, ಊಟ. ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಆರ್. ಶ್ರೀಧರ್ ಮತ್ತು ಅವರ ಸಂಗಡಿಗರು ಕರಾವಳಿ ಮತ್ತು ಘಟ್ಟದ ತಿನ್ನುವ ಅಣಬೆಗಳ ಪೌಷ್ಟಿಕಾಂಶದ ಬಗ್ಗೆ ಒಳ್ಳೆಯ ಅಧ್ಯಯನಗಳನ್ನು ಮಾಡಿದ್ದಾರೆ. ಆದರೆ ಊರಲ್ಲಿ ಹುತ್ತದ ಅಣಬೆ ಗುರುತಿಸಿದ ಧೈರ್ಯದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲೋ ತೋಟದ ಬದುವಿನಲ್ಲೋ ಸಿಕ್ಕಿದ್ದನ್ನು ಕಿತ್ತು ತರಬೇಡಿ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ, ಅರಿಶಿನ ಬಣ್ಣ ಬದಲಾಗದಿದ್ದರೆ ವಿಷವಿಲ್ಲ ಅನ್ನುವುದೆಲ್ಲ ಸುಳ್ಳು. ಅಮಾನಿಟಾ ಜಾತಿಯ ವಿಷದ ಅಣಬೆ ಬೇಯಿಸಿದರೂ ವಿಷವೇ. ತಿಂದು ಆರರಿಂದ ಹನ್ನೆರಡು ಗಂಟೆ ಏನೂ ಆಗುವುದಿಲ್ಲ, ಮತ್ತೆ ವಾಂತಿ ಭೇದಿ. ಅದು ನಿಂತು ಒಂದು ದಿನ ಆರಾಮ ಅನಿಸುತ್ತದೆ, ಆ ಹೊತ್ತಿನಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ವಾಂತಿ ನಿಂತಿತು ಅಂತ ಮನೆಯಲ್ಲೇ ಉಳಿಯಬಾರದು.

ಪರೀಕ್ಷೆ ಮಾಡಿದವರು ಏನು ಹೇಳಿದರು

ಅಣಬೆಯಲ್ಲಿ ಔಷಧೀಯ ಗುಣವೇ ಇಲ್ಲ ಎಂದರೆ ಅದೂ ತಪ್ಪಾಗುತ್ತದೆ. ಶಿಟಾಕೆ ಎಂಬ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಇಂಜೆಕ್ಷನ್ನಿಗೆ ಜಪಾನ್ ಸರ್ಕಾರ 1985ರಲ್ಲಿ ಹೊಟ್ಟೆಯ ಕ್ಯಾನ್ಸರಿಗೆ ಅನುಮತಿ ಕೊಟ್ಟಿತು. ಅದಕ್ಕೂ ಮೊದಲು 1977ರಲ್ಲಿ ಮತ್ತೊಂದು ಅಣಬೆಯ ಪಿಎಸ್‌ಕೆ ಎಂಬ ಸತ್ವಕ್ಕೂ ಅನುಮತಿ ಸಿಕ್ಕಿತ್ತು. ಎರಡನ್ನೂ ಕೀಮೋ ಚಿಕಿತ್ಸೆಯ ಜೊತೆಗೆ, ಆಸ್ಪತ್ರೆಯ ವೈದ್ಯರ ಕೈಯಲ್ಲಿ ಕೊಡುತ್ತಿದ್ದದ್ದು. ಕೀಮೋ ಬಿಟ್ಟು ಅಲ್ಲ.

ಕಾಕನ ಡಬ್ಬಿಯ ಕೆಂಪು ಅಣಬೆಗೆ ಬರೋಣ. ಪ್ರಪಂಚದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಶುಗರ್, ಹೃದಯದ ಅಪಾಯಗಳಿಗೆ ಗ್ಯಾನೊಡರ್ಮಾ ಉಪಯೋಗವಾಗುತ್ತದೆಯೇ ಎಂಬ ಅದರ ವರದಿ 2015ರಲ್ಲಿ ಬಂತು. ಟೈಪ್ 2 ಶುಗರಿಗೆ ಇದನ್ನು ಕೊಡಲು ಸಿಕ್ಕಿದ ಪುರಾವೆ ಬೆಂಬಲಿಸುವುದಿಲ್ಲ ಎಂದೇ ಅದರ ತೀರ್ಮಾನ. ಮರುವರ್ಷ ಆಸ್ಟ್ರೇಲಿಯಾದ ಒಂದು ಪ್ರಯೋಗ ಪ್ರಕಟವಾಯಿತು. ಶುಗರ್ ಇರುವ 84 ಮಂದಿಗೆ ದಿನಕ್ಕೆ 3 ಗ್ರಾಂನಂತೆ 16 ವಾರ. ಒಂದಷ್ಟು ಜನರಿಗೆ ಅಣಬೆ, ಒಂದಷ್ಟು ಜನರಿಗೆ ಹಾಗೇ ಕಾಣುವ ಖಾಲಿ ಪುಡಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಾಗಲೀ ಖಾಲಿ ಹೊಟ್ಟೆಯ ಸಕ್ಕರೆಯಲ್ಲಾಗಲೀ ಅಣಬೆ ತಿಂದವರಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಕ್ಯಾನ್ಸರ್ ಬಗ್ಗೆ 2016ರ ಕಾಕ್ರೇನ್ ವರದಿ ಐದು ಪ್ರಯೋಗಗಳ 373 ರೋಗಿಗಳ ಲೆಕ್ಕ ನೋಡಿತು. ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಪುರಾವೆ ಇಲ್ಲ, ಮಾಮೂಲಿ ಚಿಕಿತ್ಸೆಯ ಜೊತೆಗೆ ಸಹಾಯಕವಾಗಿ ಮಾತ್ರ ಯೋಚಿಸಬಹುದು ಎಂದಿತು.

ಮತ್ತೆ, ಡಬ್ಬಿಯೊಳಗೆ ಹೇಳಿದ್ದೇ ಇದೆಯೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಕೊಂಡ 19 ಬಗೆಯ ಗ್ಯಾನೊಡರ್ಮಾ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೇಬಲಿಗೆ ಸರಿಹೊಂದಿದ್ದು 5 ಮಾತ್ರ. ಅಷ್ಟು ಕಟ್ಟುನಿಟ್ಟಿನ ದೇಶದಲ್ಲಿ ಹೀಗೆ.

ತೊಂದರೆ ಆಗುವುದೇ ಇಲ್ಲ, ಬರೀ ನೈಸರ್ಗಿಕ ಅನ್ನುವುದೂ ಸರಿಯಲ್ಲ. ಗ್ಯಾನೊಡರ್ಮಾ ಪುಡಿ ಸೇವಿಸಿದ ನಂತರ ಲಿವರ್ ಕೆಟ್ಟು ರೋಗಿ ತೀರಿಕೊಂಡ ಪ್ರಕರಣವನ್ನು ಥಾಯ್ಲೆಂಡಿನ ವೈದ್ಯರು 2007ರಲ್ಲಿ ದಾಖಲಿಸಿದ್ದಾರೆ. ಚಾಗಾ ಎಂಬ ಅಣಬೆಯ ಪುಡಿಯನ್ನು ಆರು ತಿಂಗಳು ದಿನಕ್ಕೆ ನಾಲ್ಕೈದು ಚಮಚದಂತೆ ತಿಂದ ಜಪಾನಿನ ವೃದ್ಧೆಯೊಬ್ಬರ ಕಿಡ್ನಿ ಹಾಳಾದದ್ದು 2014ರಲ್ಲಿ ವರದಿಯಾಗಿದೆ. ಇವು ಅಪರೂಪದ ಪ್ರಕರಣಗಳೇ, ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಆದರೆ ಹಾರ್ಟಿನ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಸದ್ಯದಲ್ಲೇ ಆಪರೇಷನ್ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಬಸುರಿ ಬಾಣಂತಿಯರು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಲೇಬಾರದು. ಅಣಬೆಯ ಸತ್ವ ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು. ಕಸಿ ಮಾಡಿದ ಕಿಡ್ನಿ ಉಳಿಯಲು ತಗ್ಗಿಸಿಟ್ಟ ರೋಗನಿರೋಧಕ ಶಕ್ತಿಯನ್ನು ಅದು ಕೆರಳಿಸಬಹುದು.

ಇಲ್ಲಿ ಮಾರಾಟಗಾರರ ಒಂದು ಮಾತನ್ನು ಹೇಳಲೇಬೇಕು. ಕ್ಯಾಪ್ಸೂಲ್ ತಿಂದು ಮೈ ತುರಿಸಿದರೆ, ತಲೆ ಸುತ್ತಿದರೆ, ಹೊಟ್ಟೆ ಕೆಟ್ಟರೆ "ಹೆದರಬೇಡಿ, ಒಳಗಿನ ವಿಷ ಹೊರಗೆ ಬರ್ತಾ ಉಂಟು, ಇನ್ನೂ ಜಾಸ್ತಿ ತಿನ್ನಿ" ಅನ್ನುತ್ತಾರೆ. ಕಾಕನಿಗೂ ಹಾಗೇ ಹೇಳಿದ್ದರಂತೆ. ನನ್ನ ಪ್ರಕಾರ ಈ ಇಡೀ ವ್ಯಾಪಾರದಲ್ಲಿ ಅತ್ಯಂತ ಅಪಾಯದ ಮಾತು ಇದೇ. ಅಲರ್ಜಿಯನ್ನು, ಲಿವರಿನ ತೊಂದರೆಯನ್ನು ಗುಣವಾಗುತ್ತಿರುವ ಲಕ್ಷಣ ಎಂದು ನಂಬಿಸಿದರೆ ಮನುಷ್ಯ ನಿಲ್ಲಿಸುವುದಾದರೂ ಯಾವಾಗ?

ಕೀಡಾ ಜಡಿಯ ಕಥೆ, ಹಲಾಲಿನ ಪ್ರಶ್ನೆ

1993ರಲ್ಲಿ ಬೀಜಿಂಗಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಚೀನಾದ ಹುಡುಗಿಯರು ಓಟದ ವಿಶ್ವದಾಖಲೆಗಳನ್ನು ಪುಡಿ ಮಾಡಿದರು. ಅವರ ಕೋಚ್ ಮಾ ಜುನ್‌ರೆನ್, ಇದು ಕಾರ್ಡಿಸೆಪ್ಸ್ ಅಣಬೆ ಮತ್ತು ಆಮೆಯ ರಕ್ತದ ಮಹಿಮೆ ಎಂದ. ಹಿಮಾಲಯದ ಈ ಅಣಬೆಯ ಬೆಲೆ ಏರಿದ್ದು ಆ ಮೇಲೆ. 2000ದ ಸಿಡ್ನಿ ಒಲಿಂಪಿಕ್ಸಿಗೆ ಮೊದಲು ಅವನ ಹಲವು ಓಟಗಾರರನ್ನು ರಕ್ತ ಪರೀಕ್ಷೆಯ ಕಾರಣಕ್ಕೆ ತಂಡದಿಂದ ಕೈಬಿಡಲಾಯಿತು, ಅಣಬೆಯ ಹಿಂದೆ ಬೇರೇನೋ ಇತ್ತು ಎಂಬ ಅನುಮಾನ ಗಟ್ಟಿಯಾಯಿತು. ಅಷ್ಟರಲ್ಲಿ ವ್ಯಾಪಾರ ಬೆಳೆದಾಗಿತ್ತು. ಉತ್ತರಾಖಂಡದ ಪಿಥೋರಗಢ, ಚಮೋಲಿಯ ಹಳ್ಳಿಯವರು ಕೀಡಾ ಜಡಿ ಎಂದು ಇದನ್ನು ಹುಡುಕಿ ಹಿಮದ ಬೆಟ್ಟ ಹತ್ತುತ್ತಾರೆ. ಮಣ್ಣೊಳಗಿನ ಕಂಬಳಿಹುಳುವಿನ ಮೈಯೊಳಗೆ ಶಿಲೀಂಧ್ರ ಹೊಕ್ಕು, ಹುಳುವನ್ನು ಕೊಂದು, ಅದರ ತಲೆಯಿಂದ ಕಡ್ಡಿಯ ಹಾಗೆ ಹೊರಗೆ ಬರುವುದೇ ಈ ಅಣಬೆ.

ನಮ್ಮವರು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಶಾಫಿಈ ಮದ್‌ಹಬಿನಲ್ಲಿ ಮಿಡತೆಯ ಹೊರತು ಹುಳಹುಪ್ಪಟೆ ತಿನ್ನುವಂತಿಲ್ಲ. ಹುಳುವಿನ ಸಮೇತ ಮಾರುವ ಕೀಡಾ ಜಡಿಯ ವಿಧಿ ಏನು? ಅಂಗಡಿಯಲ್ಲಿ ಸಿಗುವ ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಬೇರೆ ಜಾತಿಯನ್ನು ಹೆಚ್ಚಾಗಿ ಅಕ್ಕಿಯ ಮೇಲೆ ಬೆಳೆಸುತ್ತಾರೆ, ಕೆಲವೆಡೆ ರೇಷ್ಮೆ ಹುಳುವಿನ ಪ್ಯೂಪಾದ ಮೇಲೂ ಬೆಳೆಸುವುದುಂಟು. ಅಣಬೆ ಹಲಾಲ್ ಆದರೂ ಕ್ಯಾಪ್ಸೂಲಿನ ಹೊರ ಕವಚ ಯಾವುದರದ್ದು? ಜೆಲಾಟಿನ್ ದನದ್ದೂ ಇರಬಹುದು, ಹಂದಿಯದ್ದೂ ಇರಬಹುದು. ಕಂದು ತ್ರಿಕೋನದ ಗುರುತು ಇದ್ದರೆ ಮಾಂಸಾಹಾರಿ ಎಂದು ಮಾತ್ರ ಗೊತ್ತಾಗುತ್ತದೆ, ಯಾವ ಪ್ರಾಣಿ ಎಂದು ಗೊತ್ತಾಗುವುದಿಲ್ಲ. ಹಸಿರು ಚುಕ್ಕೆಯಿದ್ದರೆ ಕವಚ ಸಸ್ಯಮೂಲದ್ದು. ಹನಿ ಹನಿ ಹಾಕುವ ಟಿಂಕ್ಚರ್ ಆದರೆ ಆಲ್ಕೋಹಾಲಿನಲ್ಲಿ ತೆಗೆದದ್ದಿರಬಹುದು. ಮಸೀದಿಯ ಉಸ್ತಾದರಲ್ಲಿ ಕೇಳುವಾಗ ಬರೀ ಅಣಬೆ ತಿನ್ನಬಹುದಾ ಅಂತ ಕೇಳಬೇಡಿ. ಡಬ್ಬಿಯನ್ನೇ ತೆಗೆದುಕೊಂಡು ಹೋಗಿ, ಲೇಬಲ್ ಓದಿ ಹೇಳಿ.

ಲೇಬಲ್ ಓದುವಾಗ ಇನ್ನೊಂದು ಸಾಲನ್ನೂ ಹುಡುಕಿ. 2016ರ ಆಹಾರ ಸುರಕ್ಷತಾ ನಿಯಮದಂತೆ ಇಂಥ ಡಬ್ಬಿಗಳು ಆಹಾರದ ಲೆಕ್ಕಕ್ಕೆ ಬರುತ್ತವೆ, ಔಷಧಿಯ ಲೆಕ್ಕಕ್ಕಲ್ಲ. ಔಷಧೀಯ ಬಳಕೆಗೆ ಅಲ್ಲ ಎಂದು ಕಂಪನಿಯೇ ಅಚ್ಚು ಹಾಕಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಬೇಕು. ಶುಗರ್, ಕ್ಯಾನ್ಸರ್, ಬಿ.ಪಿ. ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯಂತೆ ಅಪರಾಧ. ಆದ್ದರಿಂದಲೇ ಗುಣವಾಗುತ್ತದೆ ಎಂಬ ಮಾತು ಡಬ್ಬಿಯ ಮೇಲೆ ಕಾಣುವುದಿಲ್ಲ, ಮನೆಯ ಸೋಫಾದ ಮೇಲೆ ಕೂತು ಬಾಯಲ್ಲಿ ಹೇಳುತ್ತಾರೆ. ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ಸ್ಕೀಮನ್ನು 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಸಂಬಂಧದವರು, ಜಮಾಅತಿನವರು ಎಂಬ ದಾಕ್ಷಿಣ್ಯಕ್ಕೆ ಸೇರಿ ಆಮೇಲೆ ಮುಖ ತಿರುಗಿಸಿಕೊಂಡ ಕುಟುಂಬಗಳನ್ನು ನಾವು ನೋಡಿದ್ದೇವೆ.

ಅಡುಗೆ ಮನೆಯ ಅಣಬೆ

ಅಣಬೆ ತಿನ್ನಲೇಬೇಕು ಅನಿಸಿದರೆ ತರಕಾರಿಯಾಗಿ ತಿನ್ನಿ. ಚಿಪ್ಪಣಬೆಯಲ್ಲಿ ಸಕ್ಕರೆ, ಕೊಬ್ಬು ಕಡಿಮೆ, ನಾರು ಇದೆ, ಪ್ರೋಟೀನ್ ಇದೆ. ಶುಗರಿನವರ ಊಟಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದು ಗುಟ್ಟು: ಕೊಯ್ದ ಅಣಬೆಯನ್ನು ಸೀಳಿ ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಇಟ್ಟರೆ ಅದರಲ್ಲಿ ವಿಟಮಿನ್ ಡಿ ಉಂಟಾಗುತ್ತದೆ, ನಮ್ಮ ಚರ್ಮದಲ್ಲಿ ಆಗುವ ಹಾಗೆ. ಮನೆಯೊಳಗೇ ಹೆಚ್ಚು ಇರುವ ಹೆಂಗಸರಿಗೆ ಈ ವಿಟಮಿನ್ನಿನ ಕೊರತೆ ಸಾಮಾನ್ಯ. ಚಿತ್ರದುರ್ಗದಲ್ಲಿ ಬಿಸಿಲಿಗೇನು ಬರ!

ಬೆಳೆಸುವುದೂ ಕಷ್ಟವಲ್ಲ. ಬತ್ತದ ಹುಲ್ಲನ್ನು ಎರಡು ಮೂರು ಇಂಚು ಕತ್ತರಿಸಿ, ರಾತ್ರಿ ನೆನೆಸಿ, ಕುದಿಸಿ, ನೀರು ಬಸಿದು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹಾಕಿ, ಸಣ್ಣ ತೂತು ಮಾಡಿ ಕತ್ತಲೆ ಕೋಣೆಯಲ್ಲಿ ಇಟ್ಟರೆ ಎರಡು ಮೂರು ವಾರದಲ್ಲಿ ಒಳಗೆಲ್ಲ ಬಿಳಿ ಬೂಸು ಹಬ್ಬುತ್ತದೆ. ಆಮೇಲೆ ಗಾಳಿ ಬೆಳಕು ಕೊಟ್ಟು ನೀರು ಚಿಮುಕಿಸುತ್ತಾ ಹೋಗುವುದು. ಒಣ ಹವೆಯ ಈ ಜಿಲ್ಲೆಯಲ್ಲಿ ಗೋಣಿ ತಾಟು ಒದ್ದೆ ಮಾಡಿ ಸುತ್ತ ಕಟ್ಟಬೇಕು, ಏಪ್ರಿಲ್ ಮೇಯಲ್ಲಿ ಮಾಡದಿರುವುದೇ ವಾಸಿ. ಒಂದು ಮಾತು, ಕೋಣೆಯಲ್ಲಿ ಹಾರುವ ಅಣಬೆಯ ಧೂಳಿಗೆ ದಮ್ಮು ಇರುವವರು ಕೆಮ್ಮುತ್ತಾರೆ, ಅವರನ್ನು ಈ ಕೆಲಸಕ್ಕೆ ಹಾಕಬೇಡಿ. ಬೀಜ ಬೆಂಗಳೂರು ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ, ಮೊದಲೇ ಹೇಳಿಟ್ಟಿರಬೇಕು. ಅವರು ತರಬೇತಿಯನ್ನೂ ಕೊಡುತ್ತಾರೆ.

ಕಾಕನ ವಿಷಯ ಹೇಳದೆ ಬಿಡಬಾರದು. ತೋಟದಿಂದ ಬಂದ ಮೂರನೇ ದಿನ ಮಾಮಿಯ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸರಾಸರಿ ಹನ್ನೊಂದರ ಹತ್ತಿರ ಬಂತು. ಹಿಂದಿನ ಸಲ ಎಂಟರ ಒಳಗಿತ್ತು. ಕಾಲಿನ ಹೆಬ್ಬೆರಳ ಪಕ್ಕ ಚಪ್ಪಲಿ ಕಚ್ಚಿದ ಗಾಯ ಒಂದು ತಿಂಗಳಿಂದ ಆರಿರಲಿಲ್ಲ, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಬೈಯಲಿಲ್ಲವಂತೆ, ಡಬ್ಬಿ ನೋಡಿ ಪಕ್ಕಕ್ಕಿಟ್ಟು ಹಳೆಯ ಮಾತ್ರೆಯ ಜೊತೆಗೆ ಇನ್ಸುಲಿನ್ ಬರೆದುಕೊಟ್ಟರು. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಬೆರಳು ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಮೊನ್ನೆ ಫೋನು ಮಾಡಿದಾಗ ಕೇಳಿದೆ, ಕಾಕ ಆ ಡಬ್ಬಿ ಎಲ್ಲಿ ಅಂತ. "ಕೊಟ್ಟವನಿಗೇ ವಾಪಸ್ ಕೊಟ್ಟೆ. ಹಣ ಕೊಡಲಿಲ್ಲ ಅವ. ನಾನೂ ಕೇಳಲಿಲ್ಲ. ಅವನ ಉಮ್ಮನಿಗೂ ಶುಗರ್ ಉಂಟು, ಅವರಿಗೆ ಮಾತ್ರೆ ನಿಲ್ಲಿಸಬೇಡ ಅಂತ ಹೇಳಿ ಬಂದೆ."